ಗಂಜಿ ಮಾಮ ಮತ್ತು ಕಂಬಳಿಯ ಚಡ್ಡಿ

ಭೂಮಿಯ ಮೇಲೆ ಏನೇನನ್ನೋ ಎತ್ತಿ ಹೆಸರು ಮಾಡಿದವರಿದ್ದಾರೆ. ಕತ್ತಿ ಎತ್ತಿದವರಿದ್ದಾರೆ, ಬಾವುಟ ಎತ್ತಿದವರಿದ್ದಾರೆ, ಕಬ್ಬಿಣದ ಗುಂಡು ಎತ್ತಿ ಕೊರಳಿಗೆ ಪದಕ ಹಾಕಿಸಿಕೊಂಡವರಿದ್ದಾರೆ. ಗಂಜಿ ಮಾಮ ಬಾಲ ಎತ್ತಿದರು. ಅವರ ಲಾಂಡ್ರಿಯಿದ್ದ ಬೀದಿಯಲ್ಲಿ ಬಾಲವುಳ್ಳ ಯಾವ ಜೀವವೂ ಅವರ ತಪಾಸಣೆಯಿಂದ ತಪ್ಪಿಸಿಕೊಂಡು ದಾಟಿದ್ದಿಲ್ಲ. ಬೇಕರಿಯ ಬೆಕ್ಕು, ಔಷಧಿ ಅಂಗಡಿಯವರ ಮೊಲ, ಯಾರಿಗೂ ಸೇರದ ಕುಂಟ ನಾಯಿ, ಎಲ್ಲವೂ ಆ ಬಾಗಿಲ ಮುಂದೆ ಬಂದಾಗ ತಾವಾಗಿಯೇ ಹಿಂದುಮುಂದಾಗಿ ನಿಲ್ಲುತ್ತಿದ್ದವೆಂದು ಜನ ಆಡಿಕೊಳ್ಳುತ್ತಿದ್ದರು. ಒಮ್ಮೆ ಗಾಳಿಪಟವೊಂದು ಹಾರಿಬಂದು ಅಂಗಡಿಯ ಮುಂದೆ ಬಿದ್ದಾಗ ಮಾಮ ಅದರ ಬಾಲವನ್ನೂ ಎತ್ತಿ ನೋಡಿದ ಮೇಲೆಯೇ ಒಳಗಿಟ್ಟರಂತೆ. ಇದು ನಂಬುವ ಮಾತಲ್ಲ. ಆದರೆ ಹೇಳಿದವನು ಅವರ ಸ್ವಂತ ಭಾವಮೈದ. ಅವನು ದಿನಕ್ಕೆ ಒಂದಾದರೂ ನಿಜ ಹೇಳುವ ಮನುಷ್ಯ.

ಇದರಲ್ಲಿ ಸೋಜಿಗವೆಂದರೆ ಬಾಲವಲ್ಲ, ಬಗ್ಗಿದ್ದು. ಏಕೆಂದರೆ ಗಂಜಿ ಮಾಮ ಬಗ್ಗುವ ಜಾತಿಯವರೇ ಅಲ್ಲ. ಅಂಗಿ, ಪರದೆ, ದಿಂಬಿನ ಚೀಲ, ಕೊನೆಗೆ ಕರವಸ್ತ್ರ, ಕೈಗೆ ಸಿಕ್ಕ ಪ್ರತಿಯೊಂದಕ್ಕೂ ಗಂಜಿ ಹಾಕಿ ಹಾಕಿ ಅದರ ಒಂದು ಪಾಲು ಅವರ ಬೆನ್ನುಮೂಳೆಗೂ ಇಳಿದುಬಿಟ್ಟಿತ್ತು. ಅವರು ಒಗೆದ ಅಂಗಿಯನ್ನು ನೆಲದ ಮೇಲಿಟ್ಟರೆ ಒಳಗೆ ಯಾರೂ ಇಲ್ಲದಿದ್ದರೂ ಎದ್ದು ನಿಲ್ಲುತ್ತದೆ ಎಂಬ ಮಾತಿತ್ತು. ನೆಲಕ್ಕೆ ಬಿದ್ದ ಗುಂಡಿಯನ್ನು ಅವರು ಕಾಲಿನಿಂದ ಹೆಂಡತಿಯ ಕಡೆ ಸರಿಸುವರೇ ಹೊರತು ಎತ್ತಿದವರಲ್ಲ. ಹೆಂಡತಿ ಅದನ್ನು ಎತ್ತಿ ಮೇಜಿನ ಮೇಲಿಟ್ಟು, "ರಾಜರಿಗೆ ಗುಂಡಿ," ಎನ್ನುತ್ತಿದ್ದಳು.

ಆ ಮೇಜಿನ ಕೆಳಗಿದ್ದವನು ಕಂಬಳಿ.

ಕಂಬಳಿ ಎಂದರೆ ನಾಯಿ. ಎಷ್ಟೋ ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದಿಂದ ಬಂದ ಕಂಬಳಿಗಳ ಗಂಟನ್ನು ಬಿಚ್ಚಿದಾಗ ಒಳಗಿನಿಂದ ಒಂದು ಮರಿ ಆಕಳಿಸುತ್ತಾ ಹೊರಬಂದಿತ್ತು. ವಿದ್ಯಾರ್ಥಿನಿಲಯದವರು ತಮ್ಮದಲ್ಲವೆಂದರು. ಬಣ್ಣ ಒಗೆಯದ ನೆಲ ಒರಸುವ ಬಟ್ಟೆಯದು. ರೋಮ ಮೇಲೊಂದು ಪದರ, ಒಳಗೊಂದು ಪದರ, ಬೆರಳು ಹಾಕಿದರೆ ಚರ್ಮ ಸಿಗುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. "ಈ ಮನೇಲಿ ನನ್ನ ಮಾತು ಕೇಳೋನು ಇವನೊಬ್ಬನೇ," ಎಂದು ಹೆಂಡತಿ ಅದನ್ನು ಬೆಳೆಸಿದಳು. ಮಾಮ ಅದನ್ನು ಮುದ್ದಿಸಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಇಸ್ತ್ರಿ ಮಾಡುವಾಗ ಅವರು ಒಂದು ಪಾದವನ್ನು ಚಪ್ಪಲಿಯಿಂದ ಹೊರತೆಗೆದು ಮೇಜಿನ ಕೆಳಗೆ ಎಲ್ಲಿಡುತ್ತಿದ್ದರು ಎಂಬುದು ಕಂಬಳಿಗೆ ಗೊತ್ತಿತ್ತು.

ಈಗ ಕಂಬಳಿಗೆ ಮುಪ್ಪು. ಹಿಂಗಾಲುಗಳ ಬಲ ಇಳಿದಿತ್ತು. ಸರಿಯಾಗಿ ಕೂರಲಾಗದೆ ತೊಡೆ, ಬಾಲದ ಬುಡವೆಲ್ಲ ನೆನೆಯುತ್ತಿತ್ತು. ಮಲಗಿದಲ್ಲೇ ನಾಲ್ಕು ಹನಿ ಮೂತ್ರ ಸೋರುತ್ತಿತ್ತು. ಒಂದು ದಿನ ಆ ಹನಿ ಗಿರಾಕಿಯೊಬ್ಬರ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಗಂಜಿ ಮಾಮ ಯುದ್ಧಕ್ಕೆ ಹೊರಟ ಸೇನಾಪತಿಯ ಹಾಗೆ ಯೋಚಿಸಿ ಒಂದು ಹಳೆಯ ಹಾಸುಬಟ್ಟೆಯನ್ನು ಹರಿದು ಚಡ್ಡಿ ಹೊಲಿದರು. ಬಾಲಕ್ಕೆ ತೂತು, ಸೊಂಟಕ್ಕೆ ಲಾಡಿ. ಅಷ್ಟಕ್ಕೇ ಬಿಡುತ್ತಾರೆಯೇ? ಅದಕ್ಕೂ ಗಂಜಿ ಹಾಕಿ, ಎರಡೂ ಕಡೆ ಮಡಿಕೆ ಬರುವಂತೆ ಇಸ್ತ್ರಿ ಮಾಡಿದರು. ಪ್ರತಿದಿನ ಬೆಳಿಗ್ಗೆ ಮಾಮ ನಿಂತಲ್ಲಿಂದಲೇ ಲಾಡಿ ಎಳೆದು ಹಳೆಯದನ್ನು ಕಳಚುವುದು, ಹೆಂಡತಿ ಹೊಸದನ್ನು ತೊಡಿಸುವುದು. ಆ ಬೀದಿಯಲ್ಲಿ ಇಸ್ತ್ರಿ ಮಾಡಿದ ಚಡ್ಡಿ ತೊಟ್ಟ ಏಕೈಕ ಜೀವ ಕಂಬಳಿ, ಮನುಷ್ಯರನ್ನೂ ಲೆಕ್ಕಕ್ಕೆ ಸೇರಿಸಿ.

ಎದುರಿನ ಸೈಕಲ್ ಅಂಗಡಿಯ ಭಾವಮೈದನಿಗೆ ಇದೊಂದು ಹಬ್ಬವಾಯಿತು. ಹೆಂಡತಿಯ ತಮ್ಮನಾದ ಅವನನ್ನು ಬೀದಿಯವರೆಲ್ಲ ಪಂಕ್ಚರ್ ಎಂದೇ ಕರೆಯುತ್ತಿದ್ದರು.

"ಭಾವ, ನನಗೂ ಒಂದು ಹೊಲಿದುಕೊಡಿ. ಬಾಲದ ತೂತು ಬೇಡ," ಎಂದ ಅವನು.

"ನಿನ್ನ ಅಳತೆ ತಗೊಳ್ಳೋಕೆ ನಾನು ಬಗ್ಗಬೇಕಾಗುತ್ತಯ್ಯ," ಎಂದರು ಮಾಮ.

ಆಮೇಲೆ ಮೋಡ ಮುಚ್ಚಿದ ವಾರ ಬಂತು. ಸೆಕೆಯೂ ಇದೆ, ತೇವವೂ ಇದೆ, ಬಿಸಿಲು ಮಾತ್ರ ಇಲ್ಲ. ಹಗ್ಗದ ಮೇಲಿನ ಬಟ್ಟೆಗಳು ಸಂಜೆಯಾದರೂ ಬೆಳಗಿನಷ್ಟೇ ಒದ್ದೆ. ಅಂಗಡಿಯೊಳಗೆ ಅಡ್ಡಡ್ಡ ಹಗ್ಗ ಕಟ್ಟಿ, ಅಂಗಿಗಳ ತೋಳುಗಳನ್ನು ಸರಿಸಿಕೊಂಡೇ ಓಡಾಡಬೇಕು. ಅಂಥ ಒಂದು ದಿನ ಮಾಮನ ಮೂಗಿಗೆ ಒಂದು ವಾಸನೆ ಬಡಿಯಿತು. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಹೂದಾನಿಯಲ್ಲಿ ಮರೆತ ನೀರಿನ ಹಾಗೆ. ಹುಡುಕಿದರೆ ಅದು ಮೇಜಿನ ಕೆಳಗಿತ್ತು.

ಬದುಕೆಲ್ಲ ಒಗೆದವರಿಗೆ ವಾಸನೆಯೆಂದರೆ ಒಂದೇ ಅರ್ಥ: ಒಗೆಯಬೇಕು. ಕಂಬಳಿಯನ್ನು ನಿಂತೇ ಒಗೆಯುವ ಎತ್ತರದ ತೊಟ್ಟಿಗೆ ಇಳಿಸಿ ಬೆಚ್ಚಗಿನ ನೀರು, ಸೋಪು, ಕೊನೆಯಲ್ಲಿ ಬಟ್ಟೆ ಮೆದುವಾಗಲೆಂದು ಹಾಕುವ ಪರಿಮಳದ ದ್ರವ, ಎಲ್ಲ ಉಪಚಾರ ಆಯಿತು. ಟವೆಲಿನಲ್ಲಿ ಉಜ್ಜಿದರು. ಮೇಲಿನ ರೋಮ ಮೋಡದ ಹಾಗೆ ಅರಳಿ ನಿಂತಿತು. ಒಳಪದರ ಒದ್ದೆಯಾಗಿಯೇ ಉಳಿಯಿತು. ಅದರ ಮೇಲೆ ಗರಿಗರಿಯಾದ ಚಡ್ಡಿ. ಹೀಗೆ ಗಂಜಿ ಮಾಮ ತಮ್ಮ ಕೈಯಾರೆ, ಅತ್ಯಂತ ಶುಚಿಯಾಗಿ, ನೊಣಗಳಿಗೆ ಒಂದು ಮನೆ ಕಟ್ಟಿಕೊಟ್ಟರು. ಬೆಚ್ಚಗೆ, ಒದ್ದೆಯಾಗಿ, ಬಾಗಿಲಿಗೆ ಪರದೆ ಸಮೇತ.

ನೊಣಗಳು ಬಂದವು. ಮೊದಲಿಗೆ ಒಂದೆರಡು, ಹಸಿರು ಹೊಳಪಿನವು. ಬಾಲದ ತೂತಿನ ಸುತ್ತ ಕೂರುವುದು, ಏಳುವುದು, ಮತ್ತೆ ಕೂರುವುದು.

"ಭಾವ, ನಿಮ್ಮ ನಾಯಿ ಹಿಂದೆ ಮೀಟಿಂಗ್ ನಡೀತಿದೆ," ಎಂದು ಪಂಕ್ಚರ್ ಬೀದಿಯಾಚೆಯಿಂದ ಕೂಗಿದ.

"ಪರಿಮಳಕ್ಕೆ ಬಂದಿರ್ತಾವೆ. ನಿನ್ನ ಹತ್ರ ಯಾಕೆ ಬರಲ್ಲ ಹೇಳು?"

"ನನ್ನ ಹತ್ರ ಗ್ರೀಸ್ ಇದೆ. ಜಾರಿ ಬೀಳ್ತಾವೆ."

ಕಂಬಳಿ ಆ ದಿನ ಮೇಜಿನ ಕೆಳಗೆ ಮಲಗಲಿಲ್ಲ. ಹಿಂದಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ಸಂದಿಯ ಕತ್ತಲೆಯಲ್ಲಿ ಹೋಗಿ ಸೇರಿಕೊಂಡ. ತಿರುತಿರುಗಿ ತನ್ನ ಹಿಂಭಾಗವನ್ನೇ ನೆಕ್ಕುವುದು, ಚಡ್ಡಿಯ ಅಂಚನ್ನು ಹಲ್ಲಿನಿಂದ ಕಚ್ಚುವುದು. ಸಂಜೆಯ ಬ್ರೆಡ್ಡನ್ನು ಮೂಸಿ ಬಿಟ್ಟ. ಮಾಮನಿಗೆ ಎಲ್ಲದಕ್ಕೂ ಉತ್ತರವಿತ್ತು. ಮರೆಗೆ ಹೋಗಿದ್ದು ಸ್ನಾನ ಮಾಡಿಸಿದ ಕೋಪಕ್ಕೆ. ನೆಕ್ಕುವುದು ಸೋಪಿನ ರುಚಿಗೆ. ಬ್ರೆಡ್ ಬಿಟ್ಟಿದ್ದು ವಯಸ್ಸಿಗೆ.

ಆ ಸಂಜೆ ನೆನೆದ ಚಡ್ಡಿ ಬದಲಿಸಲು ಹೋದ ಹೆಂಡತಿಗೆ ಬಾಲದ ಬುಡದ ರೋಮದಲ್ಲಿ ಏನೋ ಕಂಡಿತು. ಬಿಳಿಯದು, ನಸು ಹಳದಿ ಕೂಡಿದ್ದು, ನುಚ್ಚಿನಂಥ ಸಣ್ಣ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು.

"ರೀ, ಇಲ್ಲಿ ಏನೋ ಅಂಟಿದೆ ನೋಡಿ."

ಮಾಮ ನಿಂತಲ್ಲಿಂದಲೇ ಕತ್ತು ಉದ್ದ ಮಾಡಿದರು. "ಗಂಜಿ. ಗಂಟುಗಂಟಾಗಿದೆ. ಸರಿಯಾಗಿ ಸೋಸಿಲ್ಲ ನೀನು."

ಬಟ್ಟೆಗೆ ಹಾಕುವ ಗಂಜಿಯನ್ನು ಕಾಯಿಸಿ ಸೋಸುವುದು ಮೊದಲಿನಿಂದಲೂ ಅವಳ ಕೆಲಸ. ಅದರಲ್ಲಿ ಗಂಟಿದೆ ಎಂದರೆ ಬೇರೆ ಹೆಂಗಸರಿಗೆ ಅಡುಗೆ ಬರುವುದಿಲ್ಲ ಎಂದಂತೆ, ಅದಕ್ಕಿಂತ ಒಂದು ತೂಕ ಹೆಚ್ಚೇ.

"ನಾನು ಸೋಸದೆ ಯಾವತ್ತು ಕೊಟ್ಟಿದ್ದೀನಿ?"

"ಇವತ್ತು."

"ಇದು ನನ್ನ ಗಂಜಿ ಅಲ್ಲ."

"ಮತ್ತೆ ನಾಯಿ ಕಾಯಿಸಿತಾ?"

ಅವಳು ಬಾಯಿ ಮುಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡರೆ ವ್ಯಾಜ್ಯ ಮುಗಿಯಿತೆಂದಲ್ಲ, ಸಾಕ್ಷಿ ಸಂಗ್ರಹ ಶುರುವಾಯಿತೆಂದು ಅರ್ಥ. ಒಂದು ಗೊಂಚಲನ್ನು ಬಾಚಣಿಗೆಯಿಂದ ಬಿಡಿಸಿ ಸಾಸರಿಗೆ ಹಾಕಿಕೊಂಡಳು. ಬೆಳಕಿನಲ್ಲಿ ಪಂಕ್ಚರನಿಗೆ, ಬೇಕರಿಯವನಿಗೆ, ಬೇಕಾದರೆ ಇಡೀ ಬೀದಿಗೆ ತೋರಿಸಿ, ಇದು ತನ್ನ ಗಂಜಿಯಲ್ಲವೆಂದು ಗಂಡನ ಬಾಯಿಂದಲೇ ಹೇಳಿಸುವುದು ಅವಳ ಯೋಜನೆ. ಸಾಸರಿನ ಮೇಲೊಂದು ಲೋಟ ಬೋರಲು ಹಾಕಿ ಕಿಟಕಿಯ ಹತ್ತಿರ ಇಟ್ಟಳು. ಗಂಡ ಹೆಂಡತಿ ಊಟ ಮಾಡಿ ಮಲಗಿದರು. ನಾಯಿಯ ಮೇಲೆ ಉಳಿದ ಗೊಂಚಲುಗಳು ಅಲ್ಲಿಯೇ ಉಳಿದವು, ಮೇಲೆ ಹೊಸ ಚಡ್ಡಿ.

ಬೆಳಿಗ್ಗೆ ಅವಳು ಲೋಟ ಎತ್ತಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸಾಸರನ್ನು ತಂದು ಇಸ್ತ್ರಿ ಮೇಜಿನ ಮೇಲೆ, ಮಾಮ ಮಡಚುತ್ತಿದ್ದ ಅಂಗಿಯ ಪಕ್ಕದಲ್ಲಿ ಇಟ್ಟಳು.

"ರೀ. ನಿಮ್ಮ ಗಂಜಿ ನಡೀತಾ ಇದೆ."

ಸಾಸರಿನಲ್ಲಿ ದಾರದ ತುಂಡಿನಷ್ಟು ಸಣ್ಣ ಬಿಳಿ ಹುಳುಗಳು ಸಾಸರಿನ ಅಂಚಿನ ಕಡೆ ಹೊರಟಿದ್ದವು.

ಗಂಜಿ ಮಾಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಹಿಂದಿನ ಕೋಣೆಗೆ ಹೋದರು. ಗಂಟುಗಳನ್ನು ಸರಿಸಿದರು. ಮತ್ತು, ಆ ಕ್ಷಣಕ್ಕೆ ಸಾಕ್ಷಿಯಾಗಿ ಅಲ್ಲಿದ್ದದ್ದು ಹೆಂಡತಿಯೊಬ್ಬಳೇ ಎಂಬುದು ಲೋಕದ ದುರದೃಷ್ಟ, ಅವರು ಬಗ್ಗಿದರು. ಎರಡೂ ಮಂಡಿಯೂರಿ, ಲಾಡಿ ಬಿಚ್ಚಿ, ಬಾಲ ಎತ್ತಿದರು.

ರೋಮವೆಲ್ಲ ಅಂಟಿಕೊಂಡು ಹಾಳೆಯಂತಾಗಿತ್ತು. ಅದರ ಕೆಳಗೆ ಚರ್ಮ ಕೆಂಪಾಗಿ ಕೊಳೆತಿತ್ತು, ಅಲ್ಲಲ್ಲಿ ತೂತು ಬಿದ್ದಿತ್ತು. ಆ ಕೆಂಪಿನೊಳಗೆ ಹುಳುಗಳು, ಸಾಸರಿನಲ್ಲಿದ್ದವಕ್ಕಿಂತ ದಪ್ಪನಾದವೂ ಇದ್ದವು. ಇವು ನಿನ್ನೆಯ ಸಂಸಾರವಲ್ಲ, ಅದಕ್ಕೂ ಮೊದಲು ಬಂದವು. ಕಂಬಳಿ ತಲೆ ಎತ್ತಲಿಲ್ಲ. ಮಾಮ ಅವನ ಬೆನ್ನ ಮೇಲೆ ಕೈಯಿಟ್ಟರು. ಅಷ್ಟು ದಪ್ಪ ರೋಮದ ಒಳಗೂ ನಡುಕ ತಿಳಿಯುತ್ತಿತ್ತು.

ವಿಷಯ ತಿಳಿದು ಪಂಕ್ಚರ್ ಬೀದಿ ದಾಟಿ ಓಡಿಬಂದ. ಕೈಯಲ್ಲಿ ಚೈನು ತೊಳೆಯುವ ಸೀಮೆಎಣ್ಣೆಯ ಡಬ್ಬಿ.

"ಸುರೀರಿ ಭಾವ. ಎಲ್ಲ ಹೊರಗೆ ಬಂದುಬಿಡ್ತಾವೆ."

ಮಾಮನ ಕೈಯಲ್ಲಿ ಆಗಲೇ ಬ್ಲೀಚಿಂಗ್ ನೀರಿನ ಬಕೆಟ್ಟಿತ್ತು. ಕಲೆಯಾದರೆ ಬ್ಲೀಚು, ಅವರ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಒಂದು ಕಡೆ ಡಬ್ಬಿ, ಇನ್ನೊಂದು ಕಡೆ ಬಕೆಟ್ಟು, ನಡುವೆ ನಾಯಿ.

"ಇಬ್ಬರೂ ಕೆಳಗಿಡಿ," ಎಂದಳು ಹೆಂಡತಿ. ಅವಳ ಕಿವಿಯಲ್ಲಿ ಫೋನಿತ್ತು. "ಡಾಕ್ಟರಮ್ಮ ಕೇಳ್ತಿದ್ದಾರೆ, ಏನಾದ್ರೂ ಹಾಕಿದ್ದೀರಾ ಅಂತ. ಇಲ್ಲ ಅಂತ ಹೇಳ್ತಿದ್ದೀನಿ. ನನ್ನನ್ನ ಸುಳ್ಳುಗಾತಿ ಮಾಡಬೇಡಿ."

ಪಶುವೈದ್ಯೆಯ ಮಾತು ಚಿಕ್ಕದಾಗಿತ್ತು. ಸೀಮೆಎಣ್ಣೆ ಬೇಡ, ಬ್ಲೀಚು ಬೇಡ, ಫಿನಾಯಿಲ್ ಬೇಡ. ಹುಳು ಸಾಯುವ ಮೊದಲು ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ವಿಷ. ಮತ್ತೆ ನೀರು ಹಾಕಿ ತೊಳೆಯುವುದೂ ಬೇಡ. ಒಣ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ, ನೊಣ ಕೂರದ ಹಾಗೆ ನೋಡಿಕೊಂಡು ಈಗಲೇ ಕರೆತನ್ನಿ. ಮಧ್ಯಾಹ್ನಕ್ಕೆ ಅಲ್ಲ, ಈಗ.

ಒಗೆದ ಬಟ್ಟೆ ತಲುಪಿಸುವ ಗಾಲಿ ಬುಟ್ಟಿಯಲ್ಲಿ ಕಂಬಳಿಯನ್ನು ಮಲಗಿಸಿದರು. ಪಂಕ್ಚರ್ ತಳ್ಳಿದ, ಹೆಂಡತಿ ಮುಂದೆ ದಾರಿ ಬಿಡಿಸುತ್ತಾ ನಡೆದಳು. ಮಾಮ ಪಕ್ಕದಲ್ಲಿ ನಡೆಯುತ್ತಾ ಒಂದು ದಿಂಬಿನ ಚೀಲದಿಂದ ನೊಣ ಬೀಸುತ್ತಿದ್ದರು. ಗಿರಾಕಿಗಳು ಎದುರಾಗಿ, "ಮಾಮ, ನನ್ನ ಅಂಗಿ ಆಯ್ತಾ?" ಎಂದರೆ ಮಾಮನಿಗೆ ಕೇಳಿಸಲಿಲ್ಲ.

ಚಿಕಿತ್ಸಾಲಯದ ಕೋಣೆ ಚಿಕ್ಕದು. ಒಂದು ಉಕ್ಕಿನ ಮೇಜು, ಬಿಳಿ ದೀಪ, ಗೋಡೆಗೆ ತೂಕದ ಯಂತ್ರ. ಡಾಕ್ಟರಮ್ಮ ನೋವು ಕಡಿಮೆಯಾಗಲು ಒಂದು ಸೂಜಿ ಚುಚ್ಚಿ, ರೋಮ ಬೋಳಿಸುವ ಯಂತ್ರ ಹಿಡಿದುಕೊಂಡರು.

"ಬಾಲ ಯಾರು ಹಿಡ್ಕೊಳ್ತೀರಿ? ಎತ್ತಿ ಹಿಡೀಬೇಕು. ನಾನು ಹೇಳೋವರೆಗೆ ಬಿಡಬಾರದು."

ಪಂಕ್ಚರ್ ಗೋಡೆಯ ಬಣ್ಣ ನೋಡತೊಡಗಿದ. ಮಾಮ ಮುಂದೆ ಬಂದು ಬಾಲ ಹಿಡಿದರು. ಮೇಜು ಗಿಡ್ಡ, ಮಾಮ ಎತ್ತರ. ಬಗ್ಗಿಯೇ ನಿಲ್ಲಬೇಕು. ನಿಂತರು. ಡಾಕ್ಟರಮ್ಮ ರೋಮ ಬೋಳಿಸಿ, ಔಷಧದ ಬೆಚ್ಚನೆ ನೀರು ಬಿಟ್ಟು, ಚಿಮುಟದಿಂದ ಒಂದೊಂದಾಗಿ ಹುಳು ತೆಗೆದು ತಟ್ಟೆಗೆ ಹಾಕುತ್ತಾ ಹೋದರು. ಒಂದು ತೂತಿನಲ್ಲಿ ಮುಗಿಯಿತು ಎನ್ನುವಾಗ ಇನ್ನೊಂದರಲ್ಲಿ ಕಾಣುತ್ತಿದ್ದವು.

"ನಿನ್ನೆ ಬಿಳಿ ಕಾಳು ಏನಾದ್ರೂ ಕಂಡಿತ್ತಾ?" ಎಂದು ಕೇಳಿದರು ಅವರು, ತಲೆ ಎತ್ತದೆ.

"ಕಂಡಿತ್ತು."

"ಅದು ನೊಣದ ಮೊಟ್ಟೆ. ಏನು ಅಂದ್ಕೊಂಡ್ರಿ?"

"ಗಂಜಿ."

ಡಾಕ್ಟರಮ್ಮನ ಚಿಮುಟ ಒಂದು ಕ್ಷಣ ನಿಂತಿತು. "ಹೊಟ್ಟು ಅಂತಾರೆ, ಮರದ ಪುಡಿ ಅಂತಾರೆ. ಗಂಜಿ ಅಂದಿದ್ದು ನೀವೇ ಮೊದಲು." ಮತ್ತೆ ಕೆಲಸಕ್ಕೆ ಬಾಗಿದರು. "ಸೆಕೆ ಇದ್ರೆ ಒಂದು ದಿನವೂ ಬೇಡ, ಮೊಟ್ಟೆ ಹುಳು ಆಗೋಕೆ. ಒದ್ದೆ ರೋಮ, ಮೂತ್ರ, ಭೇದಿ, ಸಣ್ಣ ಗಾಯ, ಇಷ್ಟು ಸಾಕು ನೊಣಕ್ಕೆ. ವಾಸನೆ ಬಂದ್ರೆ, ಒಂದೇ ಜಾಗ ನೆಕ್ಕುತ್ತಿದ್ರೆ, ಮೂಲೆ ಸೇರಿದ್ರೆ, ಮೊದಲು ರೋಮ ಬಿಡಿಸಿ ಚರ್ಮ ನೋಡಬೇಕು. ಮುಚ್ಚಬಾರದು."

"ನಾನು ಇಸ್ತ್ರಿ ಮಾಡಿ ಮುಚ್ಚಿದೆ," ಎಂದರು ಮಾಮ.

ಯಾರೂ ನಗಲಿಲ್ಲ. ಪಂಕ್ಚರ್ ಕೂಡ.

ಬೆನ್ನು ನೋವಿನಿಂದ ಮಾಮನ ಹಣೆ ಬೆವರಿತ್ತು. ಬಾಲ ಮಾತ್ರ ಇಳಿದಿರಲಿಲ್ಲ. ಕೊನೆಗೆ ಡಾಕ್ಟರಮ್ಮ ಕೈಗವಸು ಕಳಚಿದರು. "ತೆಗೆಯೋದು ತೆಗೆದಿದ್ದೀನಿ. ಆದ್ರೆ ವಯಸ್ಸಾಗಿದೆ, ಗಾಯ ಆಳ ಇದೆ, ನಂಜು ಮೈಗೆ ಏರಿರಬಹುದು. ಉಳೀತಾನೆ ಅಂತ ಮಾತು ಕೊಡೋಕಾಗಲ್ಲ. ತಿನ್ನೋಕೆ ಶುರು ಮಾಡಿದ್ರೆ ಆಸೆ ಇಟ್ಕೋಬಹುದು. ಗಾಯ ಮಾತ್ರ ಒಣಗಿರಬೇಕು. ಬೆಳಿಗ್ಗೆ ಸಂಜೆ ಬಾಲ ಎತ್ತಿ ನೋಡಬೇಕು."

ಮನೆಗೆ ಬರುವ ದಾರಿಯಲ್ಲಿ ಪಂಕ್ಚರ್ ಬುಟ್ಟಿ ತಳ್ಳಿಕೊಂಡು ಮುಂದೆ ಹೋದ, ಗಂಡ ಹೆಂಡತಿ ಹಿಂದೆ ನಡೆದರು. ತಿರುವಿನಲ್ಲಿ ಮಾಮ ಹೆಂಡತಿಯ ಕಡೆ ನೋಡದೆ, "ಸೋಸಿದ್ದೆ ನೀನು," ಎಂದರು.

"ಈಗ ಗೊತ್ತಾಯ್ತಾ," ಎಂದಳು ಅವಳು. ಮದುವೆಯಾದ ಮೇಲೆ ಗಂಡ ಕೇಳಿದ ಕ್ಷಮೆಗಳಲ್ಲಿ ಅದು ಅತಿ ದೀರ್ಘವಾದದ್ದು. ಅವಳು ಅದನ್ನು ಹಾಗೆಯೇ ಮಡಚಿ ಎತ್ತಿಟ್ಟುಕೊಂಡಳು.

ಆಮೇಲಿನ ದಿನಗಳಲ್ಲಿ ಲಾಂಡ್ರಿಯ ರೂಪವೇ ಬದಲಾಯಿತು. ಬಾಗಿಲಿಗೆ ಸೊಳ್ಳೆಪರದೆಯ ಬಟ್ಟೆ ಬಂತು. ಕಸದ ಡಬ್ಬಿಗೆ ಮುಚ್ಚಳ ಬಂತು. ಕಂಬಳಿಗೆ ನೆಲದಿಂದ ಎತ್ತರದಲ್ಲಿ ಹಗ್ಗದ ಮಂಚ, ಅದರ ಮೇಲಿನ ಹಾಸು ನೆನೆದರೆ ತಕ್ಷಣ ಬದಲಾವಣೆ. ಗಿರಾಕಿಗಳ ಅಂಗಿಗಳು ಸರದಿಯಲ್ಲಿ ಕಾದವು. ಬೀದಿಯ ಅರ್ಧ ಜನ ಆ ವಾರ ಸುಕ್ಕುಸುಕ್ಕಾಗಿ ಕಚೇರಿಗೆ ಹೋದರು. ಚಡ್ಡಿಗಳೆಲ್ಲ ನೆಲ ಒರಸುವ ಬಟ್ಟೆಗಳಾದವು. ಮಾಮ ಬೆಳಿಗ್ಗೆ ಸಂಜೆ ಮಂಡಿಯೂರಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಬಾಲ ಎತ್ತಿ ನೋಡುತ್ತಿದ್ದರು. ಮರುದಿನ ಎಲ್ಲೋ ಅಡಗಿದ್ದ ಇನ್ನೂ ನಾಲ್ಕಾರು ಹುಳುಗಳು ಕಂಡವು. ಮತ್ತೆ ಬುಟ್ಟಿ, ಮತ್ತೆ ಉಕ್ಕಿನ ಮೇಜು. ಅದಾದ ಮೇಲೆ ಕಾಣಲಿಲ್ಲ. ಆದರೂ ಕಂಬಳಿ ತಿನ್ನಲಿಲ್ಲ. ಹೆಂಡತಿ ಹಾಲಿನಲ್ಲಿ ಬ್ರೆಡ್ ನೆನೆಸಿ ತುಟಿಗೆ ಹಚ್ಚಿದರೆ ಮುಖ ತಿರುಗಿಸುತ್ತಿದ್ದ. ಪಂಕ್ಚರ್ ಗಿರಾಕಿಗಳ ಜೊತೆ ಜಗಳವಾಡುವುದನ್ನೂ ಬಿಟ್ಟು ಗಂಟೆಗೊಮ್ಮೆ ಪರದೆ ಸರಿಸಿ ಇಣುಕುತ್ತಿದ್ದ.

"ಪರದೆ ಮುಚ್ಚಯ್ಯ," ಎನ್ನುತ್ತಿದ್ದರು ಮಾಮ, ಪ್ರತಿ ಸಲವೂ.

ಒಂದು ಬೆಳಿಗ್ಗೆ ಅವನು ಹೀಗೆ ಇಣುಕಿ, ಕೈಯಲ್ಲಿದ್ದ ಬನ್ನನ್ನು ಮಂಚದ ತುದಿಯಲ್ಲಿಟ್ಟು ಅಕ್ಕನ ಜೊತೆ ಮಾತಿಗೆ ನಿಂತ. ತಿರುಗಿ ನೋಡಿದರೆ ಬನ್ನಿಲ್ಲ. ಕಂಬಳಿ ಎಲ್ಲೋ ನೋಡುತ್ತಾ ಮಲಗಿದ್ದಾನೆ, ಮೀಸೆಗೆ ಸಕ್ಕರೆ.

"ಭಾವ, ನಿಮ್ಮ ನಾಯಿ ಕಳ್ಳ."

ಮಾಮ ಇಸ್ತ್ರಿ ಪೆಟ್ಟಿಗೆ ಇಟ್ಟು ಬಂದು ನೋಡಿದರು. ಮೀಸೆಯ ಸಕ್ಕರೆಯನ್ನು ಬೆರಳಿನಿಂದ ಒರೆಸಿದರು. ಆಮೇಲೆ, "ಇನ್ನೊಂದು ತಗೊಂಡು ಬಾ," ಎಂದರು. ಧ್ವನಿ ಎಂದಿನ ಹಾಗೆ ಗರಿಗರಿಯಾಗಿರಲಿಲ್ಲ.

ಬಾಲ ಎತ್ತುವ ಚಟ ಬೀದಿಗೆ ಹರಡಿದ್ದು ಆ ದಿನದಿಂದ. ಬೇಕರಿಯ ಬೆಕ್ಕು ಮೊದಲ ಬಲಿ. ಔಷಧಿ ಅಂಗಡಿಯವರ ಮೊಲಕ್ಕೆ ಭೇದಿಯಾಗಿ ಹಿಂಭಾಗ ಅಂಟಂಟಾಗಿದ್ದನ್ನು ಮಾಮ ಕಂಡು ಹೇಳಿದರು. ಅಂಗಡಿಯವರು ಅದೇ ದಿನ ಅದನ್ನು ಡಾಕ್ಟರಮ್ಮನ ಹತ್ತಿರ ಕೊಂಡೊಯ್ದರು, ಮೊಟ್ಟೆಯ ಹಂತದಲ್ಲೇ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಪಂಕ್ಚರನ ನಾಲಿಗೆಗೆ ಎಣ್ಣೆ ಬಿಟ್ಟಂತಾಯಿತು. ಅವನ ಕಥೆಯಲ್ಲಿ ಹುಳುಗಳು ಬೆರಳುದ್ದವಾದವು, ಮಾಮ ಇಡೀ ದಿನ ಒಂಟಿಗಾಲಿನಲ್ಲಿ ಬಾಲ ಹಿಡಿದರು, ಸೀಮೆಎಣ್ಣೆಯ ಡಬ್ಬಿ ತಂದವನು ಯಾರೋ ಪರಸ್ಥಳದವನು.

ಗಾಯದ ಮೇಲೆ ಹೊಸ ಚರ್ಮ ಕೂಡಿ, ಬೋಳು ಜಾಗದಲ್ಲಿ ರೋಮ ಮೊಳೆಯತೊಡಗಿದಾಗ ಡಾಕ್ಟರಮ್ಮ ತಮ್ಮ ಬಿಳಿ ಕೋಟು ಒಗೆಯಲು ಕೊಡುವ ನೆಪದಲ್ಲಿ ತಾವೇ ಲಾಂಡ್ರಿಗೆ ಬಂದರು. ಮುಂದಿನ ಅರ್ಧ ಸಿಂಹ, ಹಿಂದಿನ ಅರ್ಧ ಸುಲಿದ ಆಲೂಗಡ್ಡೆ, ಹೀಗಿದ್ದ ಕಂಬಳಿ ಎದ್ದು ನಿಂತು ಅವರನ್ನು ನೋಡಿ ಬೊಗಳಿದ. ಸೂಜಿಯ ನೆನಪು. ಅವರು ಬಾಲ ಎತ್ತಿ, ಬೆರಳಿನಿಂದ ಒತ್ತಿ ನೋಡಿದರು. ಅಂಗಡಿಯಲ್ಲಿದ್ದ ಗಿರಾಕಿಗಳು ಕತ್ತು ಚಾಚಿದರು. ಪಂಕ್ಚರ್ ಬಾಗಿಲಲ್ಲಿ ಪರದೆ ಹಿಡಿದು ನಿಂತಿದ್ದ, ಭಾವನ ಭಾಷಣಕ್ಕೆ ಕಾಯುತ್ತಾ.

"ನಿಜ ಹೇಳ್ಬೇಕಂದ್ರೆ, ಇವನು ಉಳಿಯಲ್ಲ ಅಂತಾನೇ ನಾನು ಅಂದ್ಕೊಂಡಿದ್ದೆ," ಎಂದರು ಡಾಕ್ಟರಮ್ಮ. "ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಗಾಯ ಕೂಡೋದು ನಾನು ಹೆಚ್ಚು ನೋಡಿಲ್ಲ. ಏನು ಮಾಡಿದ್ರಿ?"

"ನೀವೇ ಹೇಳಿದ್ರಲ್ಲ," ಎಂದರು ಗಂಜಿ ಮಾಮ, ಅವರ ಕೋಟಿನ ಕಾಲರಿನ ಕಲೆ ನೋಡುತ್ತಾ. "ಒದ್ದೆಯಾದಾಗೆಲ್ಲ ಒಣಗಿಸಿದೆ."